ಬಾಣಂತಿಯ ನಲವತ್ತು ದಿನ ಮುಗಿದ ಮೇಲೆ

ಬಾಣಂತಿಯನ್ನು ನೋಡಲು ಹೋದವರು ಕೇಳುವ ಪ್ರಶ್ನೆಗಳು ಕೊಡಗಿನ ನಾಪೋಕ್ಲುವಿನಲ್ಲೂ ಅವೇ, ಶನಿವಾರಸಂತೆಯಲ್ಲೂ ಅವೇ. ನಾರ್ಮಲ್ಲಾ, ಸಿಸೇರಿಯನ್ನಾ? ತೂಕ ಎಷ್ಟಿತ್ತು? ಹಾಲು ಸಾಕಾಗ್ತದಾ? ಮಗು ಯಾರ ಹಾಗೆ? ಸೋಪು ಪೌಡರಿನ ಡಬ್ಬಿ ಕೊಟ್ಟು, ಕಾಫಿ ಕುಡಿದು, ಮಗುವಿನ ಮುಷ್ಟಿಗೆ ಒಂದು ನೋಟು ಹಿಡಿಸಿ ಎದ್ದು ಬರುತ್ತೇವೆ. ಹೆತ್ತವಳಿಗೆ ನಿದ್ದೆ ಬರುತ್ತದಾ, ಮನಸ್ಸು ಹೇಗಿದೆ ಅಂತ ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಯಾರಾದರೂ ಕೇಳಿದರೆ ಮನೆಯವರಿಗೆ ಸ್ವಲ್ಪ ಕಸಿವಿಸಿಯೂ ಆಗುತ್ತದೆ. "ತವರಲ್ಲಿದ್ದಾಳೆ, ಹೊತ್ತು ಹೊತ್ತಿಗೆ ಬಿಸಿನೀರು, ಊಟ. ಅವಳಿಗೆಂತ ಬೇಜಾರು?"

ಈ ಮಾತಿನಲ್ಲಿ ಸುಳ್ಳಿಲ್ಲ. ನಮ್ಮ ಕಡೆ ಬಾಣಂತನ ಗಟ್ಟಿಯೇ. ಎಣ್ಣೆ, ಹಂಡೆ ತುಂಬ ಬಿಸಿನೀರು, ಸಾಂಬ್ರಾಣಿ ಹೊಗೆ, ಕರಿಮೆಣಸು ಬೆಳ್ಳುಳ್ಳಿ ಹಾಕಿದ ಸಾರು, ನಾಟಿ ಕೋಳಿ. ಮೈಗೆ ಬೇಕಾದದ್ದೆಲ್ಲ ಇದೆ. ತೊಂದರೆ ಇರುವುದು ಎರಡು ಕಡೆ. ಈ ಆರೈಕೆಯಲ್ಲಿ ಅವಳ ಮಾತಿಗೆ ಜಾಗ ಕಡಿಮೆ. ಮತ್ತೆ, ಆರೈಕೆ ನಿಲ್ಲುವ ಹೊತ್ತು ಮತ್ತು ಮನಸ್ಸಿಗೆ ಆಸರೆ ಬೇಕಾಗುವ ಹೊತ್ತು ಒಂದಕ್ಕೊಂದು ತಾಳೆ ಆಗುವುದಿಲ್ಲ. ಇನ್ನು ಇಷ್ಟು ಬಾಣಂತನವೂ ಸಿಗದ ಹೆಂಗಸರು ಇದೇ ಜಿಲ್ಲೆಯ ಕಾಫಿ ತೋಟಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಇದ್ದಾರೆ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಅಳು, ಖಿನ್ನತೆ, ಸನ್ನಿ

ಮೊದಲು ಯಾವುದು ಏನು ಅಂತ ನೋಡೋಣ. ಹೆರಿಗೆಯಾದ ಎರಡು ಮೂರನೇ ದಿನಕ್ಕೆ ಸುಮ್ನೆ ಅಳು ಬರುವುದು, ಸಣ್ಣ ಮಾತಿಗೆ ಕಣ್ಣು ತುಂಬುವುದು, ಸಿಡುಕುವುದು, ಇದೆಲ್ಲ ಅರ್ಧಕ್ಕಿಂತ ಹೆಚ್ಚು ತಾಯಂದಿರಿಗೆ ಆಗುತ್ತದೆ. ಹಾರ್ಮೋನುಗಳು ಒಮ್ಮೆಲೇ ಇಳಿಯುತ್ತವೆ, ನಿದ್ದೆ ಇರುವುದಿಲ್ಲ, ಮೈ ನೋಯುತ್ತಿರುತ್ತದೆ. ಎರಡು ವಾರದೊಳಗೆ ತಾನಾಗಿ ಹೋಗುತ್ತದೆ. ಇದಕ್ಕೆ ಔಷಧಿ ಬೇಡ. ನಾಲ್ಕು ಗಂಟೆ ನಿದ್ದೆ, ಗದರದ ಜನ, ಇಷ್ಟಿದ್ದರೆ ಸಾಕು.

ಎರಡು ವಾರ ಕಳೆದರೂ ಹೋಗದಿದ್ದರೆ, ಅಥವಾ ತಿಂಗಳುಗಳ ನಂತರ ಶುರುವಾದರೆ, ಅದು ಖಿನ್ನತೆ ಇರಬಹುದು. ಯಾವುದರಲ್ಲೂ ಆಸಕ್ತಿ ಇರುವುದಿಲ್ಲ. ಮಗು ಮಲಗಿದರೂ ತನಗೆ ನಿದ್ದೆ ಇಲ್ಲ. ತಾನು ಕೆಟ್ಟ ತಾಯಿ ಎನ್ನುವ ಯೋಚನೆ ಬಿಡುವುದಿಲ್ಲ. ಮಗುವಿಗೆ ಏನೋ ಆಗಿಬಿಡುತ್ತದೆ ಅಂತ ರಾತ್ರಿ ಹತ್ತು ಸಲ ಎದ್ದು ಉಸಿರು ನೋಡುವ ಆತಂಕವೂ ಇದರ ಜೊತೆ ಇರಬಹುದು. ಆದರೆ ಬಾಯಿಬಿಟ್ಟು ಹೇಳುವಾಗ ನಮ್ಮ ಹೆಂಗಸರು ಹೇಳುವುದು ಬೇರೆ: ತಲೆ ಭಾರ, ಸುಸ್ತು, ಬೆನ್ನುನೋವು, ಎದೆ ಉರಿ, ಊಟ ಸೇರುವುದಿಲ್ಲ. ಡಾಕ್ಟರು ಟಾನಿಕ್ ಬರೆದುಕೊಡುತ್ತಾರೆ, ಅಲ್ಲಿಗೆ ಮುಗಿಯಿತು. ರಕ್ತ ಕಡಿಮೆ ಇದ್ದರೂ, ಹೆರಿಗೆಯ ನಂತರ ಥೈರಾಯ್ಡ್ ಏರುಪೇರಾದರೂ ಇದೇ ತರಹ ಸುಸ್ತು ಬೇಸರ ಬರುತ್ತದೆ. ಹಾಗಾಗಿ ರಕ್ತ ಪರೀಕ್ಷೆ ಬೇಕೇ ಬೇಕು. ಆದರೆ ರಿಪೋರ್ಟ್ ಸರಿ ಬಂತು ಅಂದಮಾತ್ರಕ್ಕೆ ಅವಳಿಗೆ ಏನೂ ಇಲ್ಲ ಅಂತಲ್ಲ.

ಮೂರನೆಯದು ಅಪರೂಪ, ಆದರೆ ಅಪಾಯ. ಊರಲ್ಲಿ ಬಾಣಂತಿ ಸನ್ನಿ ಅಂತಾರಲ್ವಾ, ಅದು. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ. ನಿದ್ದೆ ಪೂರ್ತಿ ಹೋಗುತ್ತದೆ, ಮಾತು ದಿಕ್ಕು ತಪ್ಪುತ್ತದೆ, ಇಲ್ಲದ ದನಿ ಕೇಳಿಸುತ್ತದೆ, ಮಗುವಿನ ಬಗ್ಗೆ ವಿಚಿತ್ರ ಸಂಶಯ ಹುಟ್ಟುತ್ತದೆ. ಗಾಳಿ ಸೋಕಿದೆ ಅಂತ ನೂಲು ಕಟ್ಟಿಸಲು ಹೋಗಿ ಎರಡು ದಿನ ಕಳೆಯುವ ಹೊತ್ತಲ್ಲ ಇದು. ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹರಕೆ ಹೊರುವುದಾದರೆ ಹೊರಿ, ಗಾಡಿಯಲ್ಲಿ ಕೂತು ಹೊರಿ.

ಎಷ್ಟು ಜನರಿಗೆ ಖಿನ್ನತೆ? ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೆಳೆಯುತ್ತಿರುವ ದೇಶಗಳಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 16, ಹೆತ್ತವರಲ್ಲಿ ಸುಮಾರು 20 ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಖಿನ್ನತೆಯೇ ಹೆಚ್ಚು. ಭಾರತದಲ್ಲಿ ನಡೆದ 38 ಅಧ್ಯಯನಗಳನ್ನು, ಅಂದರೆ 20 ಸಾವಿರಕ್ಕೂ ಹೆಚ್ಚು ತಾಯಂದಿರ ಲೆಕ್ಕವನ್ನು, ಒಟ್ಟು ಸೇರಿಸಿ 2017ರಲ್ಲಿ ಒಂದು ವರದಿ ಬಂತು. ಅದರಲ್ಲಿ ಹೆರಿಗೆಯ ನಂತರದ ಖಿನ್ನತೆ ಕಂಡದ್ದು ನೂರಕ್ಕೆ 22 ಮಂದಿಯಲ್ಲಿ. ಅಂದರೆ ನಾವು ಸೋಪಿನ ಡಬ್ಬಿ ಹಿಡಿದು ಹೋಗುವ ಐದು ಮನೆಯಲ್ಲಿ ಒಂದು ಮನೆ.

ತವರಲ್ಲಿದ್ದರೆ ಸಾಕಾ?

ನಮ್ಮ ಅಕ್ಕಪಕ್ಕದ ರಾಜ್ಯಗಳಲ್ಲೇ ನಡೆದ ಎರಡು ಅಧ್ಯಯನಗಳು ಈ ಪ್ರಶ್ನೆಗೆ ಹತ್ತಿರ ಬರುತ್ತವೆ. ಎರಡೂ 2002ರಲ್ಲಿ ಪ್ರಕಟವಾದವು. ಒಂದು ತಮಿಳುನಾಡಿನ ಹಳ್ಳಿಗಳದ್ದು. ಅಲ್ಲಿ ಖಿನ್ನತೆಗೆ ಹತ್ತಿರದ ಕಾರಣಗಳು ಅಂತ ಸಿಕ್ಕಿದ್ದು ಬಡತನ, ಗಂಡುಮಗು ಬೇಕೆಂದಿದ್ದಾಗ ಹೆಣ್ಣು ಹುಟ್ಟಿದ್ದು, ಕೆಲಸಕ್ಕೆ ಕೈ ಸೇರಿಸುವವರು ಇಲ್ಲದಿರುವುದು, ಅತ್ತೆಯ ಜೊತೆ ವಿರಸ. ಪಟ್ಟಿಯಲ್ಲಿ ಇನ್ನೊಂದೂ ಇತ್ತು: ಸ್ವಂತ ತಂದೆತಾಯಿಯ ಜೊತೆ ವಿರಸ. ಇದನ್ನು ನಾವು ಮರೆತೇಬಿಡುತ್ತೇವೆ. ಬಾಣಂತನಕ್ಕೆ ತವರು ಅಂದರೆ ಸ್ವರ್ಗ ಅಂತಲೇ ಮಾತಾಡುತ್ತೇವೆ. ಮನೆಯವರಿಗೆ ಇಷ್ಟವಿಲ್ಲದ ಮದುವೆಯಾದವಳು, ಅಣ್ಣ ಅತ್ತಿಗೆ ನಡೆಸುವ ಮನೆಗೆ ಹೆರಿಗೆಗೆ ಬಂದವಳು, ಗೋಣಿಕೊಪ್ಪ ಸಂತೆ ಸಾಮಾನಿನ ಲೆಕ್ಕ ಕಿವಿಗೆ ಬೀಳುವ ಹಾಗೆ ಹೇಳುವ ಮನೆಯಲ್ಲಿ ಮಲಗಿದವಳು, ಇವರಿಗೂ ತವರು ಇದೆ.

ಇನ್ನೊಂದು ಗೋವಾದ್ದು, ಅಲ್ಲಿನ ಆಸ್ಪತ್ರೆಗೆ ಬಂದ 270 ತಾಯಂದಿರ ಮೇಲೆ ನಡೆದದ್ದು. ಹೆರಿಗೆಯಾಗಿ ಆರರಿಂದ ಎಂಟು ವಾರದ ಹೊತ್ತಿಗೆ ನೂರಕ್ಕೆ 23 ಮಂದಿಯಲ್ಲಿ ಖಿನ್ನತೆ ಇತ್ತು. ಅವರಲ್ಲಿ ಮುಕ್ಕಾಲು ಭಾಗಕ್ಕಿಂತ ಹೆಚ್ಚು ಮಂದಿಗೆ ಬಸುರಿಯಾಗಿದ್ದಾಗಲೇ ಮನಸ್ಸು ಸರಿ ಇರಲಿಲ್ಲ. ಆರು ತಿಂಗಳಾದಾಗ ನೋಡಿದರೆ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಹಾಗೇ ಇದ್ದರು. ದುಡ್ಡಿನ ಕಷ್ಟ ಮತ್ತು ಗಂಡನ ಜೊತೆ ಹೊಂದಾಣಿಕೆ ಇಲ್ಲದಿರುವುದು, ಇವೆರಡೂ ಖಿನ್ನತೆ ಬರುವುದಕ್ಕೂ ಅದು ಉಳಿಯುವುದಕ್ಕೂ ಮುಖ್ಯ ಕಾರಣವಾಗಿದ್ದವು. ಹೆಣ್ಣುಮಗು ಹುಟ್ಟಿದ್ದು ಇದಕ್ಕೆ ಇನ್ನಷ್ಟು ಸೇರಿಸುತ್ತಿತ್ತು.

ಹೆಣ್ಣುಮಗುವಿನ ಮಾತು ಬಂದಾಗ ಕೊಡಗಿನವರು ಸ್ವಲ್ಪ ಎದೆ ಉಬ್ಬಿಸುತ್ತೇವೆ. 2011ರ ಜನಗಣತಿಯಲ್ಲಿ ಇಲ್ಲಿ ಸಾವಿರ ಗಂಡಸರಿಗೆ 1019 ಹೆಂಗಸರಿದ್ದರು. ಒಳ್ಳೆಯದೇ. ಆದರೆ ಗಂಡು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸಿ, ಹರಳು ಗಿಡದ ಕಡ್ಡಿಯಲ್ಲಿ ಪುಟ್ಟ ಬಿಲ್ಲು ಮಾಡಿ ಕೈಗೆ ಮುಟ್ಟಿಸುವ ಪದ್ಧತಿ ಕೊಡವರಲ್ಲಿ ಹಳೆಯದು. ಎರಡನೇ ಹೆಣ್ಣು ಹುಟ್ಟಿದ ಮನೆಯಲ್ಲಿ ಯಾರೂ ಬೈಯುವುದಿಲ್ಲ, ನಿಜ. "ಪರವಾಗಿಲ್ಲ ಬಿಡು" ಅಂತಾರೆ. ಪರವಾಗಿಲ್ಲ ಅನ್ನಲು ಅಲ್ಲಿ ಆದದ್ದಾದರೂ ಏನು? ಹಾಸಿಗೆಯಲ್ಲಿ ಮಲಗಿದವಳಿಗೆ ಅದು ಕೇಳಿಸುತ್ತದೆ.

ಸಂಶೋಧಕರು ಆಸರೆಯನ್ನು ಎರಡು ತರಹ ಅಳೆಯುತ್ತಾರೆ. ಅವಳಿಗೆ ಎಷ್ಟು ಸಹಾಯ ಸಿಕ್ಕಿತು ಎನ್ನುವುದು ಒಂದು. ಕಷ್ಟ ಅಂತ ಹೇಳಿಕೊಂಡರೆ ತನ್ನ ಜೊತೆ ನಿಲ್ಲುವವರು ಇದ್ದಾರೆ ಅಂತ ಅವಳಿಗೆ ಅನಿಸುತ್ತದಾ ಎನ್ನುವುದು ಇನ್ನೊಂದು. ಮನಸ್ಸಿನ ಆರೋಗ್ಯಕ್ಕೆ ಎರಡನೆಯದರ ನಂಟೇ ಜಾಸ್ತಿ ಅಂತ ಮತ್ತೆ ಮತ್ತೆ ಕಂಡುಬಂದಿದೆ. ಬಾಣಂತನದ ಪದ್ಧತಿಗಳು ಖಿನ್ನತೆಯನ್ನು ತಡೆಯುತ್ತವಾ ಅಂತ ಬೇರೆ ಬೇರೆ ದೇಶಗಳಲ್ಲಿ ನೋಡಿದಾಗಲೂ ಉತ್ತರ ಒಂದೇ ಬಂದಿಲ್ಲ. ಆರೈಕೆ ಮಾಡುವವರ ಜೊತೆ ಸಂಬಂಧ ಚೆನ್ನಾಗಿದ್ದಲ್ಲಿ ಅದೇ ಪದ್ಧತಿ ಕಾಪಾಡುತ್ತದೆ, ಕೆಟ್ಟಿದ್ದಲ್ಲಿ ಅದೇ ಉಸಿರು ಕಟ್ಟಿಸುತ್ತದೆ.

ಜುಲೈ ತಿಂಗಳ ಒಂದು ಮಧ್ಯಾಹ್ನವನ್ನು ಯೋಚಿಸಿ. ಭಾಗಮಂಡಲದ ಕಡೆಯ ಒಂದು ತೋಟದ ಮನೆ. ಮೂರು ದಿನದಿಂದ ಕರೆಂಟಿಲ್ಲ, ದಾರಿಯಲ್ಲಿ ಮರ ಬಿದ್ದಿದೆ. ಬಾಣಂತಿ ಕೋಣೆಯ ಕಿಟಕಿ ಚಳಿಗೆ ಮುಚ್ಚಿದೆ. ಮಗುವಿನ ಬಟ್ಟೆ ಒಣಗುವುದಿಲ್ಲ, ಒಲೆಯ ಮೇಲೆ ಹಗ್ಗ ಕಟ್ಟಿ ಹರವಿದ್ದಾರೆ, ಎಲ್ಲದಕ್ಕೂ ಹೊಗೆ ವಾಸನೆ. ಮೊಬೈಲಿನ ಚಾರ್ಜ್ ಮುಗಿದು ಒಂದು ದಿನವಾಯಿತು, ಇದ್ದರೂ ನೆಟ್‌ವರ್ಕ್ ಇಲ್ಲ. ಮಗಳು ಬೆಂಗಳೂರಿನ ಆಫೀಸಿನವಳು, ಹೆರಿಗೆಗೆ ಅಂತ ಬಂದಿದ್ದಾಳೆ. ಗಂಡ ಶನಿವಾರ ಬರಬೇಕಿತ್ತು, ಮಳೆ ನೋಡಿ ಬರಲಿಲ್ಲ. ಅಮ್ಮನಿಗೆ ಅರವತ್ತು ದಾಟಿದೆ, ಮಂಡಿನೋವು. ನೀರು ಕಾಯಿಸಿ, ಅಡುಗೆ ಮಾಡಿ, ಬಟ್ಟೆ ಒಗೆದು ಅವರೇ ಸೋತಿದ್ದಾರೆ. ಹತ್ತಿರದ ಮನೆಗೆ ತೋಟ ದಾಟಿ ಹೋಗಬೇಕು. ಮಗಳು ಗೋಡೆ ಕಡೆ ತಿರುಗಿ ಅಳುತ್ತಾಳೆ. ಅಮ್ಮ ನೋಡುತ್ತಾರೆ. "ಕೊರಗಬೇಡ ಮಾರಾಯ್ತಿ, ಹಾಲು ಬತ್ತಿಹೋಗ್ತದೆ. ನಾವೇನು ಹೆರಲಿಲ್ವಾ?"

ಆ ಮನೆಯಲ್ಲಿ ಪ್ರೀತಿಗೆ ಕೊರತೆ ಇಲ್ಲ. ಆದರೆ ಆ ಒಂದು ಮಾತಿನ ನಂತರ ಮಗಳು ಮತ್ತೆ ಬಾಯಿಬಿಡುವುದಿಲ್ಲ. ಅಮ್ಮನನ್ನೂ ದೂರಲು ಆಗುವುದಿಲ್ಲ. ಅವರು ಹೆತ್ತಾಗ ಮನೆಯಲ್ಲಿ ಅತ್ತಿಗೆಯರು, ಚಿಕ್ಕಮ್ಮಂದಿರು, ಒಕ್ಕದ, ಅಂದರೆ ಮನೆತನದ, ಹೆಂಗಸರು ಬಂದು ಹೋಗುತ್ತಿದ್ದರು. ಈಗ ಆ ಮನೆಗಳಲ್ಲಿ ಇಬ್ಬರು ವಯಸ್ಸಾದವರು, ಒಂದು ನಾಯಿ. ಬೇರೆಯವರೆಲ್ಲ ಮೈಸೂರು, ಬೆಂಗಳೂರು. ಪದ್ಧತಿ ಹಾಗೇ ಉಳಿದಿದೆ, ಅದನ್ನು ಹೊರುವ ಕೈಗಳು ಹೋಗಿವೆ.

ನಲವತ್ತು, ನಲವತ್ತೆರಡು

ಹಲವು ಮನೆಗಳಲ್ಲಿ ಬಾಣಂತನದ ಲೆಕ್ಕ ನಲವತ್ತು ದಿನದ್ದು. ಮುಸ್ಲಿಂ ಮನೆಗಳಲ್ಲಿ ನಲವತ್ತರ ಸ್ನಾನ ಇದೆ. ಕೊಡವರಲ್ಲಿ ಸೂತಕ ಕಳೆದ ಮೇಲೆ ತಾಯಿ ಬಾವಿಗೆ ಹೋಗಿ ನೀರೆತ್ತುವ ಗಂಗಾಪೂಜೆ ಇದೆ. ಅದರ ನಂತರ ಅವಳು ಮತ್ತೆ ಮನೆಯ ಹೆಂಗಸು. ಸರ್ಕಾರದ ಲೆಕ್ಕವೂ ಇದಕ್ಕೆ ತೀರ ಹತ್ತಿರ. ಆಸ್ಪತ್ರೆಯಲ್ಲಿ ಹೆತ್ತವರ ಮನೆಗೆ ಆಶಾ ಕಾರ್ಯಕರ್ತೆ ಆರು ಸಲ ಬರಬೇಕು: 3, 7, 14, 21, 28 ಮತ್ತು 42ನೇ ದಿನ. ಹೆರಿಗೆಗೆ ಸಂಬಂಧಿಸಿದ ತಾಯಿಯ ಸಾವು ಅಂತ ಲೆಕ್ಕಕ್ಕೆ ಹಿಡಿಯುವುದೂ 42 ದಿನದವರೆಗೆ ಮಾತ್ರ. ನಾಲ್ಕನೇ ತಿಂಗಳಲ್ಲಿ ಒಬ್ಬಳು ಕೆರೆಗೆ ಬಿದ್ದರೆ ಆ ಸಾವು ಬೇರೆ ಪುಸ್ತಕಕ್ಕೆ ಹೋಗುತ್ತದೆ.

ಮೈ ವಾಸಿಯಾಗುವುದನ್ನು ನೋಡಿದರೆ ಈ ಲೆಕ್ಕ ಸರಿ. ಗರ್ಭಕೋಶ ಮೊದಲಿನ ಗಾತ್ರಕ್ಕೆ ಬರಲು ಸುಮಾರು ಆರು ವಾರ ಬೇಕು. ಮನಸ್ಸು ಈ ಕ್ಯಾಲೆಂಡರ್ ನೋಡುವುದಿಲ್ಲ. ಗೋವಾದ ತಾಯಂದಿರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆರು ತಿಂಗಳಾದರೂ ಸರಿಹೋಗಿರಲಿಲ್ಲ ಅಂದೆನಲ್ಲ. ಬ್ರಿಟನ್ನಿನಲ್ಲಿ ತಾಯಂದಿರ ಸಾವುಗಳನ್ನು ಒಂದೊಂದಾಗಿ ಪರಿಶೀಲಿಸುವ ವ್ಯವಸ್ಥೆ ಇದೆ. ಹೆರಿಗೆಯ ಆರು ವಾರದಿಂದ ಒಂದು ವರ್ಷದೊಳಗಿನ ಸಾವುಗಳಲ್ಲಿ ಹೆರಿಗೆಗೆ ನೇರ ಸಂಬಂಧ ಇರುವ ಕಾರಣಗಳ ಪೈಕಿ ಆತ್ಮಹತ್ಯೆಯೇ ಮುಂದಿದೆ ಅಂತ ಅಲ್ಲಿ ವರ್ಷಗಳಿಂದ ಬರೆಯುತ್ತಿದ್ದಾರೆ. ಪಕ್ಕದ ಕೇರಳದಲ್ಲೂ ಹೆರಿಗೆ ವೈದ್ಯರು ಇಂಥ ಪರಿಶೀಲನೆ ಮಾಡುತ್ತಾರೆ, ಅಲ್ಲೂ ಆತ್ಮಹತ್ಯೆ ದೊಡ್ಡ ಕಾರಣವಾಗಿ ಎದ್ದು ಬಂದಿದೆ. ರಕ್ತಸ್ರಾವ, ಸೋಂಕು ಇವುಗಳಿಂದ ಆಗುವ ಸಾವು ಕಡಿಮೆಯಾದ ಹಾಗೆ ಇದು ಕಣ್ಣಿಗೆ ಬೀಳುತ್ತದೆ. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತಿವೆ. ಇನ್ನು ನಾವು ನೋಡಬೇಕಾದ್ದು ಇದನ್ನೇ.

ಮೂರನೇ ತಿಂಗಳೋ ಐದನೇ ತಿಂಗಳೋ, ಮಗುವನ್ನು ಕರೆದುಕೊಂಡು ಗಂಡನ ಮನೆಗೆ ಹೋಗುವ ದಿನ ಬರುತ್ತದೆ. ನೆಂಟರು, ಊಟ, ತೊಟ್ಟಿಲು, ಫೋಟೋ. ಮರುದಿನದಿಂದ ಅವಳು ಬೇರೆ ಊರಿನಲ್ಲಿ, ಬೇರೆ ಅಡುಗೆಮನೆಯಲ್ಲಿ. ಗೊತ್ತಿದ್ದ ಆಶಾ ಅಕ್ಕ ಇಲ್ಲ, ಗೊತ್ತಿದ್ದ ಡಾಕ್ಟರಿಲ್ಲ. ಬೆಂಗಳೂರಿಗೆ ಹೋದರೆ ಫ್ಲ್ಯಾಟಿನಲ್ಲಿ ಹಗಲಿಡೀ ಅವಳು, ಮಗು. ಆಸರೆ ಒಮ್ಮೆಲೇ ಕಳಚುವುದು ಇಲ್ಲಿ. ಯಾವ ಕ್ಯಾಲೆಂಡರಿನಲ್ಲೂ ಈ ದಿನಕ್ಕೆ ಗುರುತಿಲ್ಲ.

ಲೈನ್ ಮನೆಯ ಬಾಣಂತಿ

ಇಷ್ಟು ಹೊತ್ತು ಹೇಳಿದ್ದು ಬಾಣಂತನ ಸಿಗುವವರ ಕಥೆ. ಸಿದ್ದಾಪುರ, ಸುಂಟಿಕೊಪ್ಪ, ಪೊನ್ನಂಪೇಟೆ ಕಡೆಯ ತೋಟಗಳ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರು ಇರುವ ಸಾಲುಮನೆಗಳಲ್ಲಿ, ಬೇರೆಯದೇ ಇದೆ. ಒಂದು ಸಾಲಿಗೆ ಐದಾರು ಮನೆ, ಒಂದು ಕೋಣೆ, ಒಂದು ಒಲೆ. ಯರವ, ಕುರುಬ ಆದಿವಾಸಿಗಳು, ತಮಿಳು ಮಾತಾಡುವವರು, ಈಚಿನ ವರ್ಷಗಳಲ್ಲಿ ಅಸ್ಸಾಮಿನಿಂದ ಬಂದವರು. ಅಸ್ಸಾಮಿನವಳಿಗೆ ತವರು ಮೂರು ದಿನದ ರೈಲಿನಾಚೆ. ಆ ರೈಲು ಹತ್ತಲೂ ಮೈಸೂರಿಗೋ ಬೇರೆಲ್ಲಿಗೋ ಹೋಗಬೇಕು, ಕೊಡಗಿನಲ್ಲಿ ರೈಲೇ ಇಲ್ಲ. ಹೆರಿಗೆಗೆ ಅಮ್ಮ ಬರುವುದಿಲ್ಲ. ಪಕ್ಕದ ಮನೆಯವಳು ಎರಡು ದಿನ ಗಂಜಿ ಕೊಟ್ಟರೆ ಅದೇ ಬಾಣಂತನ.

ಜನವರಿಯಿಂದ ಮಾರ್ಚ್‌ವರೆಗೆ ರೊಬಸ್ಟಾ ಕಾಫಿಯ ಕೊಯ್ಲು. ಕೊಯ್ದಷ್ಟು ಕೆ.ಜಿ.ಗೆ ಕೂಲಿ. ವರ್ಷದಲ್ಲಿ ನಾಲ್ಕು ಕಾಸು ಜಾಸ್ತಿ ಕಾಣುವ ಹೊತ್ತು ಅದು. ಎರಡು ತಿಂಗಳ ಬಾಣಂತಿ ಸೊಂಟಕ್ಕೆ ಚೀಲ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾಳೆ. ಮಗು ಲೈನಿನಲ್ಲಿ, ಸೀರೆಯ ಜೋಲಿಯಲ್ಲಿ. ನೋಡಿಕೊಳ್ಳುವವಳು ಆರು ವರ್ಷದ ಅಕ್ಕ. ಹತ್ತು ಗಂಟೆಗೆ ಎದೆ ಕಲ್ಲಾಗುತ್ತದೆ, ರವಿಕೆ ಒದ್ದೆಯಾಗುತ್ತದೆ. ಮೇಲೆ ಶರಟು ಹಾಕಿರುವುದರಿಂದ ಯಾರಿಗೂ ಕಾಣುವುದಿಲ್ಲ. ಮಗು ಅಳುತ್ತಿದೆಯೋ ಏನೋ ಅಂತ ಕೈ ಕೊಯ್ಯುತ್ತಿದ್ದರೂ ತಲೆ ಅಲ್ಲಿ. ಮಧ್ಯಾಹ್ನ ಓಡಿಹೋಗಿ ಹಾಲು ಕೊಟ್ಟು ಬಂದರೆ ಅಷ್ಟು ಕೆ.ಜಿ. ಕಡಿಮೆ. ಸಂಜೆ ತೂಕಕ್ಕೆ ಹಾಕುವಾಗ ಅದು ಗೊತ್ತಾಗುತ್ತದೆ. ಗಂಡ ಕುಡಿದು ಬರುವವನಾದರೆ ರಾತ್ರಿಯೂ ಇದೆ.

ಇವಳಿಗೆ ಖಿನ್ನತೆ ಇದೆಯಾ ಅಂತ ಕೇಳುವುದೇ ವಿಚಿತ್ರ ಅನಿಸಬಹುದು. ಬಡತನಕ್ಕೆ ಮಾತ್ರೆ ಕೊಡುತ್ತೀರಾ ಅಂತ ಒಬ್ಬ ಗೆಳೆಯರು ನನ್ನನ್ನು ಕೇಳಿದ್ದರು. ಪ್ರಶ್ನೆಯಲ್ಲಿ ಹುರುಳಿದೆ. ಆದರೆ ಖಿನ್ನತೆ ಬಂದರೆ ಇದ್ದ ಬಲವೂ ಹೋಗುತ್ತದೆ. ಎದ್ದು ಹಾಲು ಕೊಡಲು, ಲಸಿಕೆಗೆ ಕರೆದುಕೊಂಡು ಹೋಗಲು ಆಗುವುದಿಲ್ಲ. ಮಗುವಿನ ತೂಕ ಏರುವುದಿಲ್ಲ, ಪದೇ ಪದೇ ಭೇದಿ. ತಾಯಿಯ ಖಿನ್ನತೆಗೂ ಮಗುವಿನ ಬೆಳವಣಿಗೆ ಕುಂಠಿತವಾಗುವುದಕ್ಕೂ ನಂಟು ಇರುವುದು ದಕ್ಷಿಣ ಏಷ್ಯಾದ ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ಅವಳಿಗೆ ಕೂಲಿ, ರಜೆ, ಮಗು ನೋಡಿಕೊಳ್ಳುವ ಜಾಗ ಬೇಕು. ಜೊತೆಗೆ ಚಿಕಿತ್ಸೆಯೂ ಬೇಕು. ಒಂದು ಕೊಟ್ಟು ಇನ್ನೊಂದನ್ನು ತಪ್ಪಿಸಬಾರದು.

ಸವಲತ್ತುಗಳು ಹಾಳೆಯ ಮೇಲೆ ಇವೆ. 2017ರಲ್ಲಿ ಶುರುವಾದ ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿ, ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ. ಬಯಲುಸೀಮೆಯ ಊರಿಗೆ ಇದು ಚೆನ್ನಾಗಿ ಹೊಂದುತ್ತದೆ. ಹತ್ತು ಹೆಂಗಸರು ಒಟ್ಟಿಗೆ ಕೂತು ಉಂಡರೆ ಮಾತೂ ಆಗುತ್ತದೆ, ಅದೇ ಅರ್ಧ ಔಷಧಿ. ನಮ್ಮಲ್ಲಿ ಅಂಗನವಾಡಿಗೆ ಗುಡ್ಡ ಇಳಿದು ಹತ್ತಬೇಕು, ಮಳೆಗಾಲದಲ್ಲಿ ಜಿಗಣೆ, ಸಿದ್ದಾಪುರದ ಕಡೆಯಾದರೆ ಆನೆ. ಹಸಿ ಬಾಣಂತಿ ಮಗು ಎತ್ತಿಕೊಂಡು ಒಂದು ಊಟಕ್ಕಾಗಿ ಆನೆ ದಾರಿಯಲ್ಲಿ ನಡೆಯಬೇಕು ಅಂದರೆ ಯಾರು ಬರುತ್ತಾರೆ?

ಹಾಡಿಗಳ ಹೆಂಗಸರಿಗೆ ಇನ್ನೊಂದು ತೊಡಕು. ಮೊದಲು ಹೆರಿಗೆಗೆ ಹಾಡಿಯ ಅಜ್ಜಿಯಂದಿರು ಸುತ್ತ ಇರುತ್ತಿದ್ದರು. ಈಗ ಆಸ್ಪತ್ರೆ, ಅದು ಜೀವ ಉಳಿಸುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೆರಿಗೆ ಕೋಣೆಯೊಳಗೆ ಅವಳ ಭಾಷೆ ಮಾತಾಡುವವರು ಯಾರೂ ಇರುವುದಿಲ್ಲ. ಹೆರಿಗೆ ಹೊತ್ತಿನಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಿಗೆ ಅನುಮತಿ ಕೊಟ್ಟಿದೆ. ಜೊತೆಗೆ ಒಬ್ಬರು ಬಿಡದೆ ಇದ್ದರೆ ಹೆರಿಗೆ ಬೇಗ ಆಗುತ್ತದೆ, ಸಿಸೇರಿಯನ್ ಕಡಿಮೆ, ಹೆದರಿಕೆಯ ನೆನಪೂ ಕಡಿಮೆ ಅಂತ ಹಲವು ದೇಶಗಳ ಲೆಕ್ಕ ಹೇಳುತ್ತದೆ. ಖರ್ಚಿಲ್ಲದ ಚಿಕಿತ್ಸೆ ಇದು. ದಾಖಲಾಗುವಾಗಲೇ "ನನ್ನ ಜೊತೆ ಇವಳು ಇರಬೇಕು" ಅಂತ ಕೇಳಿ.

ಯಾರು ಕೇಳಬೇಕು, ಯಾವಾಗ

ಮನೋವೈದ್ಯರೇ ಬೇಕು ಅಂತ ಕೂತರೆ ಕೆಲಸ ಆಗುವುದಿಲ್ಲ. ಪಾಕಿಸ್ತಾನದ ರಾವಲ್ಪಿಂಡಿ ಸುತ್ತಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2008ರಲ್ಲಿ ಬಂತು. ನಮ್ಮ ಆಶಾ ಕಾರ್ಯಕರ್ತೆಯರಂಥ ಹೆಂಗಸರಿಗೆ ಸ್ವಲ್ಪ ತರಬೇತಿ ಕೊಟ್ಟರು. ಅವರು ಖಿನ್ನತೆ ಇದ್ದ ಬಸುರಿಯರ ಕೊನೆಯ ತಿಂಗಳಲ್ಲಿ ಶುರುಮಾಡಿ, ಹೆರಿಗೆಯ ನಂತರ ಹತ್ತು ತಿಂಗಳವರೆಗೂ ಮನೆಗೆ ಹೋಗಿ ಮಾತಾಡಿದರು. ಮನೆಯವರನ್ನೂ ಕೂರಿಸಿಕೊಂಡರು. ಮಾತು ಶುರುವಾಗುತ್ತಿದ್ದದ್ದು ಮಗುವಿನ ಆರೋಗ್ಯದಿಂದ, ಹಾಗಾಗಿ ಅತ್ತೆಯಂದಿರೂ ಬೇಡ ಅನ್ನಲಿಲ್ಲ. ಆರು ತಿಂಗಳಾದಾಗ ಈ ಗುಂಪಿನಲ್ಲಿ ಖಿನ್ನತೆ ಉಳಿದಿದ್ದದ್ದು ನೂರಕ್ಕೆ 23 ತಾಯಂದಿರಲ್ಲಿ, ಇಂಥ ಮಾತುಕತೆ ಸಿಗದ ಇನ್ನೊಂದು ಗುಂಪಿನಲ್ಲಿ 53. ಗೋವಾದಲ್ಲೂ ಊರಿನ ಸಾಮಾನ್ಯ ಹೆಂಗಸರಿಂದ ಇದನ್ನು ಮಾಡಿಸಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ ಇಷ್ಟು ದೊಡ್ಡದಿರಲಿಲ್ಲ, ಸ್ವಲ್ಪ ಪ್ರಯೋಜನ ಆಯಿತು. ಎಲ್ಲ ಕಡೆಯೂ ಮ್ಯಾಜಿಕ್ ಆಗುವುದಿಲ್ಲ.

ಆಶಾ ಅಕ್ಕಂದಿರ ಮೇಲೆ ಇನ್ನೊಂದು ರಿಜಿಸ್ಟರ್ ಹೊರಿಸಿ ಅಂತ ನಾನು ಹೇಳುತ್ತಿಲ್ಲ. ಈಗಲೇ ಸಾಕಷ್ಟಿದೆ, ಗೌರವಧನಕ್ಕೆ ಅವರು ಬೀದಿಗಿಳಿಯುವುದನ್ನು ನೋಡುತ್ತಲೇ ಇದ್ದೇವೆ. ಆದರೆ ಇರುವ ಭೇಟಿಗಳಲ್ಲೇ ಜಾಗ ಇದೆ. ಲಸಿಕೆಗೆ ತಾಯಿ ಆರನೇ, ಹತ್ತನೇ, ಹದಿನಾಲ್ಕನೇ ವಾರ, ಆಮೇಲೆ ಒಂಬತ್ತನೇ ತಿಂಗಳು ತಾನಾಗಿ ಬರುತ್ತಾಳೆ. ಮಗುವನ್ನು ನೋಡಲು ಆಶಾ 3, 6, 9, 12, 15ನೇ ತಿಂಗಳಲ್ಲಿ ಮನೆಗೆ ಹೋಗುವ ಕಾರ್ಯಕ್ರಮವೂ ಇದೆ. ಕೇಳಬೇಕಾದ್ದು ಎರಡೇ ಪ್ರಶ್ನೆ: ಕಳೆದ ಒಂದು ತಿಂಗಳಲ್ಲಿ ಮನಸ್ಸು ಕುಗ್ಗಿದ ಹಾಗೆ, ಏನೂ ದಾರಿ ಇಲ್ಲದ ಹಾಗೆ ಆಗಾಗ ಅನಿಸಿತಾ? ಮೊದಲು ಖುಷಿ ಕೊಡುತ್ತಿದ್ದ ಕೆಲಸಗಳಲ್ಲಿ ಈಗ ಆಸಕ್ತಿ ಹೋಗಿದೆಯಾ? ಒಂದಕ್ಕಾದರೂ ಹೌದು ಅಂದರೆ ಎಡಿನ್‌ಬರೋ ಮಾಪಕದ, ಅಂದರೆ ಹೆರಿಗೆಯ ನಂತರದ ಖಿನ್ನತೆ ಅಳೆಯುವ ಪಟ್ಟಿಯ, ಹತ್ತು ಪ್ರಶ್ನೆಗಳಿವೆ. 1987ರಲ್ಲಿ ಬಂದ ಈ ಪಟ್ಟಿ ಕನ್ನಡದಲ್ಲೂ ಬಳಕೆಯಲ್ಲಿದೆ. ಯರವ ಭಾಷೆಯವಳಿಗೋ ಅಸ್ಸಾಮಿನವಳಿಗೋ ಕನ್ನಡದ ಪಟ್ಟಿ ಓದಿ ಹೇಳಿ ಉಪಯೋಗ ಕಡಿಮೆ. ಅಲ್ಲಿ ಅವಳ ಭಾಷೆ ಬಲ್ಲ ಹೆಂಗಸನ್ನೇ ಜೊತೆಗೆ ಕರೆದುಕೊಳ್ಳಬೇಕು. ಗಂಡನನ್ನೋ ಅತ್ತೆಯನ್ನೋ ದುಭಾಷಿ ಮಾಡಿಕೊಂಡರೆ ನಿಜ ಹೊರಗೆ ಬರುವುದಿಲ್ಲ.

ಆಮೇಲೆ ಎಲ್ಲಿಗೆ? 14416ಕ್ಕೆ ಫೋನ್ ಮಾಡಿದರೆ ಟೆಲಿ ಮಾನಸ್ ಸಿಗುತ್ತದೆ, 2022ರಲ್ಲಿ ಶುರುವಾದ ಮಾನಸಿಕ ಆರೋಗ್ಯದ ಉಚಿತ ಸೇವೆ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ಬೇರೆ ಭಾಷೆಗಳೂ ಇವೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ಮಡಿಕೇರಿಯಲ್ಲಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇದೆ. ತೀರ ಕಷ್ಟದ ಸ್ಥಿತಿಯಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲು ಮಾಡಿಕೊಳ್ಳುವ ವಿಭಾಗವೇ ಇದೆ. ಚಿಕಿತ್ಸೆಗೆ ಹೋದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎನ್ನುವ ಹೆದರಿಕೆ ಹಲವರಲ್ಲಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಇದಕ್ಕೆ ಉಲ್ಟಾ ಹೇಳುತ್ತದೆ: ಮೂರು ವರ್ಷದೊಳಗಿನ ಮಗುವನ್ನು ದಾಖಲಾದ ತಾಯಿಯಿಂದ ಸಾಮಾನ್ಯವಾಗಿ ಬೇರೆ ಮಾಡುವಂತಿಲ್ಲ. ಹಾಲು ಕೊಡುವಾಗ ಮಾತ್ರೆ ತಗೊಳ್ಳಬಾರದು ಎನ್ನುವುದೂ ಪೂರ್ತಿ ಸರಿ ಅಲ್ಲ. ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದಾದ ಔಷಧಿಗಳಿವೆ, ಯಾವುದು ಎಷ್ಟು ಅಂತ ವೈದ್ಯರು ನೋಡಿ ಹೇಳುತ್ತಾರೆ. ಈಗಾಗಲೇ ಮಾತ್ರೆ ತಗೊಳ್ಳುತ್ತಿದ್ದವಳು ಬಸುರಿಯಾದ ತಕ್ಷಣ ತಾನಾಗಿ ನಿಲ್ಲಿಸುವುದೂ ಅಪಾಯ.

ಗಂಡಂದಿರ ಬಗ್ಗೆ ಒಂದು ಮಾತು. ಬಾಣಂತಿ ಕೋಣೆ ಹೆಂಗಸರದ್ದು ಅಂತ ನಮ್ಮ ಗಂಡಸರು ಹೊರಗೇ ನಿಲ್ಲುತ್ತಾರೆ. ಆದರೆ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಎದ್ದು ಕಾಣುವುದು ಗಂಡನ ಜೊತೆಗಿನ ಸಂಬಂಧವೇ. ರಾತ್ರಿ ಒಂದು ಸರದಿ ಮಗುವನ್ನು ಎತ್ತಿಕೊಂಡು ಅವಳಿಗೆ ನಾಲ್ಕು ಗಂಟೆ ಬಿಡದೆ ನಿದ್ದೆ ಮಾಡಲು ಕೊಟ್ಟರೆ ಆಗುವ ಉಪಕಾರ ಕಡಿಮೆಯದಲ್ಲ. ಅಪ್ಪನಾದವರಲ್ಲಿ ಹತ್ತರಲ್ಲಿ ಒಬ್ಬನಿಗೆ ಅವನಿಗೇ ಖಿನ್ನತೆ ಇರುತ್ತದೆ ಅಂತಲೂ ಲೆಕ್ಕ ಇದೆ. ಅದು ಸಂಜೆಯ ಕ್ವಾರ್ಟರಿನ ಹಿಂದೆ ಅಡಗಿರುತ್ತದೆ.

ತೋಟದ ಮಾಲೀಕರ ಪಾಲಿನ ಕೆಲಸವೂ ಇದೆ. 1961ರ ಹೆರಿಗೆ ಸೌಲಭ್ಯ ಕಾಯ್ದೆ ಪ್ಲಾಂಟೇಶನ್‌ಗಳನ್ನೂ ಹೆಸರು ಹಿಡಿದೇ ಸೇರಿಸಿತ್ತು. ಮಗುವಿಗೆ 15 ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು ಎನ್ನುವುದು ಆ ಕಾಲದಿಂದಲೇ ಇರುವ ಹಕ್ಕು. 2017ರ ತಿದ್ದುಪಡಿಯಲ್ಲಿ ರಜೆ 26 ವಾರವಾಯಿತು, 50 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರವೂ ಬೇಕು ಎಂದಾಯಿತು. ಆದರೆ ಕೊಡಗಿನ ಹೆಚ್ಚಿನ ತೋಟಗಳು ಸಣ್ಣವು, ಅಷ್ಟು ಜನ ಅಲ್ಲಿರುವುದಿಲ್ಲ. ಕೊಯ್ಲಿಗೆ ಬರುವವರು ಯಾವ ಹಾಜರಿ ಪುಸ್ತಕದಲ್ಲೂ ಇರುವುದಿಲ್ಲ. ಅಕ್ಕಪಕ್ಕದ ನಾಲ್ಕೈದು ತೋಟದವರು ಸೇರಿ ಜನವರಿಯಿಂದ ಮಾರ್ಚ್‌ವರೆಗೆ ಒಂದು ಕೋಣೆ ಕೊಟ್ಟು, ಮಕ್ಕಳನ್ನು ನೋಡಿಕೊಳ್ಳಲು ಲೈನಿನ ಒಬ್ಬ ಹಿರಿಯ ಹೆಂಗಸಿಗೆ ದಿನದ ಕೂಲಿ ಕೊಡಬಹುದು. ಹಾಲುಣಿಸಲು ಹೋಗಿ ಬರುವ ಎರಡು ಹೊತ್ತಿಗೆ ಕೆ.ಜಿ. ಲೆಕ್ಕದಲ್ಲಿ ಅವಳಿಗೆ ಕಡಿತವಾಗದ ಹಾಗೆ ಒಂದು ಮೊತ್ತ ಸೇರಿಸಿಕೊಡಬಹುದು. ಈ ವರ್ಷದ ಕೊಯ್ಲಿಗೆ ಜನ ಮಾತಾಡುವಾಗಲೇ ಇದನ್ನೂ ಮಾತಾಡಿ ಮುಗಿಸಬಹುದು.